ಜೀರ್ಣಾಂಗ ಪೆಥಾಲಜಿಯಲ್ಲಿ ವೃತ್ತಿ ಕಟ್ಟುವುದು ಹೇಗೆ: ಸ್ಲೈಡ್, ಪಾಠ, ಸಂಶೋಧನೆ

ಎಂಡೋಸ್ಕೋಪಿ ಮಾಡುವ ವೈದ್ಯರು ಕರುಳಿನ ಒಳಗೋಡೆಯಿಂದ ಎರಡು ಮೂರು ಮಿಲಿಮೀಟರ್‌ನ ಚೂರುಗಳನ್ನು ತೆಗೆಯುತ್ತಾರೆ. ಅವು ಫಾರ್ಮಲಿನ್ ತುಂಬಿದ ಡಬ್ಬಿಯಲ್ಲಿ ಲ್ಯಾಬ್‌ಗೆ ಬರುತ್ತವೆ. ಅಲ್ಲಿ ಅವನ್ನು ಮೇಣದ ಬ್ಲಾಕ್ ಮಾಡಿ, ಸುಮಾರು 4 ಮೈಕ್ರಾನ್ ದಪ್ಪಕ್ಕೆ ಕೊಯ್ದು, ಬಣ್ಣ ಹಾಕಿ ಗಾಜಿನ ಮೇಲೆ ಕೂರಿಸುತ್ತಾರೆ. ಆ ಸ್ಲೈಡ್ ನೋಡಿ ಪೆಥಾಲಜಿಸ್ಟ್ ಬರೆಯುವ ಒಂದೆರಡು ಸಾಲಿನ ಮೇಲೆ ಮುಂದಿನದ್ದೆಲ್ಲ ನಿಂತಿರುತ್ತದೆ. ಕರುಳಿನ ಭಾಗ ತೆಗೆಯಬೇಕೋ, ಮಾತ್ರೆ ಸಾಕೋ, ಅಥವಾ ಸ್ವಲ್ಪ ಕಾಲ ಬಿಟ್ಟು ಮತ್ತೆ ನೋಡಿದರೆ ಆಯಿತೋ ಎಂಬುದು ಅಲ್ಲೇ ತೀರ್ಮಾನವಾಗುತ್ತದೆ.

ಬೋಧನಾ ಆಸ್ಪತ್ರೆಯಲ್ಲಿ ಈ ಕೆಲಸ ಮಾಡುವವರಿಗೆ ಇನ್ನೂ ಎರಡು ಹೊಣೆ ಇವೆ. ಒಂದು ಕಲಿಸುವುದು, ಇನ್ನೊಂದು ಸಂಶೋಧನೆ. ಹಲವರು ಈ ಮೂರನ್ನೂ ಬೇರೆ ಬೇರೆ ಕೆಲಸ ಅಂದುಕೊಂಡು, ಸಮಯ ಸಾಲದೆ ಒದ್ದಾಡುತ್ತಾರೆ. ನಾನು ಹೇಳುವುದು ಇಷ್ಟು. ಮೂರಕ್ಕೂ ಮೂಲ ಒಂದೇ, ದಿನದ ಸ್ಲೈಡ್. ರಿಪೋರ್ಟ್ ಹೋದ ಮೇಲೂ ಕೇಸಿನ ಬೆನ್ನು ಹತ್ತುವ ಅಭ್ಯಾಸ ಇದ್ದರೆ ಪಾಠವೂ ಅದರಿಂದಲೇ ಬರುತ್ತದೆ, ಪೇಪರೂ ಅದರಿಂದಲೇ ಬರುತ್ತದೆ. ಈ ಮಾರ್ಗದರ್ಶಿ ಪೂರ್ತಿ ಆ ಅಭ್ಯಾಸದ ಸುತ್ತಲೇ ಇದೆ.

ಹಂತ 1: ಈ ಕೆಲಸ ನಿಮಗೆ ಹೊಂದುತ್ತದಾ ನೋಡಿಕೊಳ್ಳಿ

ಪೆಥಾಲಜಿ ಎಂದರೆ ಶವಪರೀಕ್ಷೆ ಮಾತ್ರ ಎಂದು ಇನ್ನೂ ನಂಬಿದವರಿದ್ದಾರೆ. ಜೀರ್ಣಾಂಗ ಪೆಥಾಲಜಿಸ್ಟ್‌ನ ದಿನದ ಬಹುಪಾಲು ಜೀವಂತ ರೋಗಿಗಳ ಬಯಾಪ್ಸಿಯಲ್ಲೇ, ಅಂದರೆ ಪರೀಕ್ಷೆಗೆಂದು ತೆಗೆದ ಚೂರುಗಳಲ್ಲೇ, ಕಳೆಯುತ್ತದೆ. ಅನ್ನನಾಳ, ಜಠರ, ಸಣ್ಣ ಕರುಳು, ದೊಡ್ಡ ಕರುಳು, ಗುದನಾಳ ಇವೆಲ್ಲ ಇದರಡಿ ಬರುತ್ತವೆ. ಬಹಳ ಕಡೆ ಲಿವರ್, ಪಿತ್ತಕೋಶ, ಮೇದೋಜ್ಜೀರಕ ಗ್ರಂಥಿಯೂ ಸೇರಿರುತ್ತವೆ.

ಗಂಟೆಗಟ್ಟಲೆ ಒಂದೇ ಕಡೆ ಕೂತು ನೋಡುವ ತಾಳ್ಮೆ ಬೇಕು. ಅದಕ್ಕಿಂತ ಜಾಸ್ತಿ ಬೇಕಾದದ್ದು ಪೂರ್ತಿ ಖಚಿತವಿಲ್ಲದ ಸ್ಥಿತಿಯಲ್ಲೂ ತೀರ್ಮಾನ ಬರೆಯುವ ಧೈರ್ಯ, ಮತ್ತು ಖಚಿತವಿಲ್ಲ ಎಂದು ಬರೆಯುವ ಪ್ರಾಮಾಣಿಕತೆ. ರೋಗಿಯ ಮುಖ ನೋಡಿ ಮಾತಾಡುವುದೇ ನಿಮಗೆ ವೈದ್ಯಕೀಯದ ಸಾರ ಅನ್ನಿಸಿದರೆ ಇಲ್ಲಿ ಬೇಸರವಾಗಬಹುದು. ನಿರ್ಧರಿಸುವ ಮೊದಲು ಕೆಲವು ವಾರ ಒಬ್ಬ ಪೆಥಾಲಜಿಸ್ಟ್ ಜೊತೆ ಕೂರಿ. ಎರಡು ಜೊತೆ ಕಣ್ಣಿನ ಮೈಕ್ರೋಸ್ಕೋಪ್‌ನ ಆಚೆ ಬದಿಯಲ್ಲಿ ಕೂತು ನೋಡುವಾಗ, ಮುಂದಿನ ಸ್ಲೈಡ್ ಏನಿರಬಹುದು ಎಂಬ ಕುತೂಹಲ ಮಧ್ಯಾಹ್ನದ ನಂತರವೂ ಉಳಿದಿದೆಯಾ ಎಂದು ಗಮನಿಸಿ. ಅದಕ್ಕಿಂತ ಒಳ್ಳೆ ಪರೀಕ್ಷೆ ಇಲ್ಲ.

ಹಂತ 2: ಓದಿನ ದಾರಿ

ಈ ಭಾಗ ಬೇಗ ಮುಗಿಸುತ್ತೇನೆ. ಎಲ್ಲೇ ಆದರೂ ಮೊದಲು ವೈದ್ಯಕೀಯ ಪದವಿ, ಆಮೇಲೆ ಪೆಥಾಲಜಿಯಲ್ಲಿ ಸ್ನಾತಕೋತ್ತರ ತರಬೇತಿ, ಕೊನೆಗೆ ಜೀರ್ಣಾಂಗ ವಿಭಾಗದಲ್ಲಿ ವಿಶೇಷ ತರಬೇತಿ. ಭಾರತದಲ್ಲಿ ಎಂಬಿಬಿಎಸ್ ಆದ ಮೇಲೆ 3 ವರ್ಷದ ಎಂಡಿ ಪೆಥಾಲಜಿ ಇದೆ. ಅಮೆರಿಕದಲ್ಲಿ ಅಂಗಾಂಶ ನೋಡುವ ಪೆಥಾಲಜಿ ಮತ್ತು ಲ್ಯಾಬ್ ಪರೀಕ್ಷೆಗಳ ಪೆಥಾಲಜಿ ಎರಡೂ ಸೇರಿದ ರೆಸಿಡೆನ್ಸಿ (ಸ್ನಾತಕೋತ್ತರ ತರಬೇತಿ) 4 ವರ್ಷ, ನಂತರದ ಜೀರ್ಣಾಂಗ ಫೆಲೋಶಿಪ್ ಸಾಮಾನ್ಯವಾಗಿ 1 ವರ್ಷ. ಬ್ರಿಟನ್‌ನಲ್ಲಿ ಹಿಸ್ಟೋಪೆಥಾಲಜಿ (ಅಂಗಾಂಶ ನೋಡಿ ರೋಗ ಗುರುತಿಸುವ ವಿಭಾಗ) ತರಬೇತಿಯ ನಡುವೆ ರಾಯಲ್ ಕಾಲೇಜ್ ಆಫ್ ಪೆಥಾಲಜಿಸ್ಟ್ಸ್‌ನ ಪರೀಕ್ಷೆ ಪಾಸಾಗಬೇಕು.

ಪಿಎಚ್‌ಡಿ ಬೇಕಾ ಎಂದು ತುಂಬಾ ಜನ ಕೇಳುತ್ತಾರೆ. ಸ್ವಂತ ಪ್ರಯೋಗಾಲಯ ನಡೆಸುವ ಆಸೆ ಇದ್ದರೆ ಬೇಕು. ರೋಗಿಗಳ ಅಂಗಾಂಶದ ಮೇಲೆ ಸಂಶೋಧನೆ ಮಾಡಲು ಅದು ಕಡ್ಡಾಯವಲ್ಲ. ಅಂಕಿಅಂಶಶಾಸ್ತ್ರ ಮಾತ್ರ ಚೆನ್ನಾಗಿ ಕಲಿತಿರಬೇಕು, ಅದನ್ನು ಮುಂದೂಡಬೇಡಿ.

ಹಂತ 3: ಗ್ರಾಸಿಂಗ್ ಮೇಜನ್ನು ಬಿಟ್ಟುಕೊಡಬೇಡಿ

ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಕರುಳು ಇಡಿಯಾಗಿ ಲ್ಯಾಬ್‌ಗೆ ಬಂದಾಗ ಅದನ್ನು ನೋಡಿ, ಅಳೆದು, ಕತ್ತರಿಸಿ, ಯಾವ ಭಾಗ ಬ್ಲಾಕ್‌ಗೆ ಹೋಗಬೇಕು ಎಂದು ಆರಿಸುವ ಕೆಲಸವೇ ಗ್ರಾಸಿಂಗ್. ರೆಸಿಡೆಂಟ್‌ಗಳು, ಅಂದರೆ ತರಬೇತಿಯಲ್ಲಿರುವ ವೈದ್ಯರು, ಇದನ್ನು ಹೇಗಾದರೂ ಮುಗಿಸಿ ಮೈಕ್ರೋಸ್ಕೋಪ್ ಹತ್ತಿರ ಓಡಬೇಕು ಎಂದು ನೋಡುತ್ತಾರೆ. ಆದರೆ ಇಲ್ಲಿ ಆರಿಸದ ಭಾಗ ಸ್ಲೈಡ್‌ನಲ್ಲಿ ಯಾವತ್ತೂ ಕಾಣುವುದಿಲ್ಲ. ಎಷ್ಟೇ ದೊಡ್ಡ ತಜ್ಞ ಮೈಕ್ರೋಸ್ಕೋಪ್ ಮುಂದೆ ಕೂತರೂ ಅಷ್ಟೇ.

ಗುದನಾಳದ ಕ್ಯಾನ್ಸರ್ ಇದಕ್ಕೆ ಒಳ್ಳೆಯ ಸಾಕ್ಷಿ. ಶಸ್ತ್ರಚಿಕಿತ್ಸೆ ಆದ ಮೇಲೂ ಕೆಲವರಿಗೆ ಅದೇ ಜಾಗದಲ್ಲಿ ಕ್ಯಾನ್ಸರ್ ಮರಳಿ ಬರುತ್ತಿತ್ತು. 1986ರಲ್ಲಿ ಬ್ರಿಟನ್ನಿನ ಲೀಡ್ಸ್‌ನಲ್ಲಿ ಫಿಲ್ ಕ್ವಿರ್ಕ್ ಮತ್ತು ಸಂಗಡಿಗರು ತೆಗೆದ ಗುದನಾಳವನ್ನು ಅಡ್ಡಡ್ಡವಾಗಿ ಬಿಲ್ಲೆಗಳಂತೆ ಕೊಯ್ದು, ಸುತ್ತಲಿನ ಅಂಚನ್ನು ಪೂರ್ತಿ ನೋಡಿದರು. ಗಡ್ಡೆ ಪಕ್ಕದ ಅಂಚಿಗೆ ತಾಗಿದ್ದ ರೋಗಿಗಳಲ್ಲಿ ಅದು ಮರಳುವುದು ಜಾಸ್ತಿ ಎಂದು ತೋರಿಸಿದರು. ಅಲ್ಲಿಯವರೆಗೆ ಎಲ್ಲರ ಗಮನ ಮೇಲಿನ ಮತ್ತು ಕೆಳಗಿನ ತುದಿಗಳ ಮೇಲೆ ಇತ್ತು. ಇಂದು ಗಡ್ಡೆ ಸುತ್ತಂಚಿನಿಂದ 1 ಮಿಲಿಮೀಟರ್ ಒಳಗಿದ್ದರೆ ಅಂಚು ಪಾಸಿಟಿವ್, ಅಂದರೆ ಅಂಚಿಗೆ ಕ್ಯಾನ್ಸರ್ ತಲುಪಿದೆ, ಎಂದು ಬರೆಯುತ್ತೇವೆ. ಕತ್ತರಿಸುವ ರೀತಿ ಬದಲಾದದ್ದರಿಂದ ಚಿಕಿತ್ಸೆಯೇ ಬದಲಾಯಿತು ಎಂಬುದನ್ನು ಇಲ್ಲಿ ಗಮನಿಸಿ.

ಮೇಜಿನ ಮುಂದೆ ಪಾಲಿಸಬೇಕಾದ ಕೆಲವು ವಿಷಯ ಹೇಳುತ್ತೇನೆ. ಕರುಳು ಬಂದ ತಕ್ಷಣ ಅದರ ಹೊರಮೈ ನೋಡಿ, ಫೋಟೊ ತೆಗೆಯಿರಿ, ಅಂಚಿಗೆ ಶಾಯಿ ಹಚ್ಚಿ. ಫಾರ್ಮಲಿನ್ ಒಳಗೆ ಇಳಿಯುವುದು ನಿಧಾನ. ಮುಚ್ಚಿದ ಕರುಳನ್ನು ಹಾಗೇ ಇಟ್ಟರೆ ಒಳಗೋಡೆ ಕೊಳೆಯಲು ಶುರುವಾಗುತ್ತದೆ. ಹಾಗಾಗಿ ಗಡ್ಡೆ ಇರುವ ಭಾಗ ಬಿಟ್ಟು ಉಳಿದದ್ದನ್ನು ತೆರೆದು ಹರಡಿ. ದೊಡ್ಡ ಕರುಳಿನ ಕ್ಯಾನ್ಸರ್‌ನಲ್ಲಿ ಕನಿಷ್ಠ 12 ದುಗ್ಧಗ್ರಂಥಿ (ಲಿಂಫ್ ನೋಡ್) ಹುಡುಕಬೇಕು ಎಂಬುದು ಒಪ್ಪಿತ ಮಟ್ಟ. ಅಷ್ಟು ಸಿಗದಿದ್ದರೆ ಅವು ಅಡಗಿರುವ ಸುತ್ತಲಿನ ಕೊಬ್ಬಿಗೆ ಮತ್ತೆ ಕೈ ಹಾಕಿ. ಗ್ರಂಥಿಯಲ್ಲಿ ಕ್ಯಾನ್ಸರ್ ಇದೆಯಾ ಇಲ್ಲವಾ ಎಂಬುದರ ಮೇಲೆ ಕೀಮೋಥೆರಪಿಯ ತೀರ್ಮಾನ ನಿಂತಿರುತ್ತದೆ. ಸುಮ್ನೆ "7 ಸಿಕ್ಕಿವೆ, ಎಲ್ಲ ಚೆನ್ನಾಗಿವೆ" ಎಂದು ಬರೆದು ಕೈ ತೊಳೆದುಕೊಳ್ಳುವಂತಿಲ್ಲ.

ಹಂತ 4: ಮೊದಲು ಆರೋಗ್ಯವಂತ ಕರುಳನ್ನು ಬಾಯಿಪಾಠ ಮಾಡಿ

ಕಲಿಯುವವರು ಅಪರೂಪದ ಗಡ್ಡೆಗಳ ಹಿಂದೆ ಬೀಳುತ್ತಾರೆ. ಆದರೆ ಬಯಾಪ್ಸಿಗಳಲ್ಲಿ ದೊಡ್ಡ ಪಾಲು ಸಹಜವಾದದ್ದು, ಅಥವಾ ಸಹಜಕ್ಕೆ ತೀರಾ ಹತ್ತಿರದ್ದು. ಸಹಜ ಎಂದು ಧೈರ್ಯವಾಗಿ ಬರೆಯುವುದೇ ಕಷ್ಟದ ಕೆಲಸ.

ಜೀರ್ಣನಾಳದ ಪ್ರತಿ ಭಾಗಕ್ಕೂ ತನ್ನದೇ ಸಹಜ ರೂಪ ಇದೆ. ಪೆನೆತ್ ಕೋಶಗಳನ್ನು (ಕರುಳಿನ ಗ್ರಂಥಿಗಳ ತಳದಲ್ಲಿರುವ, ಕಾಳುಗಳು ತುಂಬಿದ ಕೋಶಗಳು) ತೆಗೆದುಕೊಳ್ಳಿ. ಅವು ಸಣ್ಣ ಕರುಳಿನಲ್ಲೂ, ದೊಡ್ಡ ಕರುಳಿನ ಬಲಭಾಗದಲ್ಲೂ ಸಹಜ. ಅದೇ ಕೋಶ ಎಡಭಾಗದಲ್ಲಿ ಕಂಡರೆ ಅಲ್ಲಿ ಬಹುಕಾಲದ ಉರಿಯೂತ ಇದ್ದಿರಬೇಕು ಎಂಬ ಸುಳಿವು. ಬಲಭಾಗದಲ್ಲಿ ಪ್ಲಾಸ್ಮಾ ಕೋಶಗಳೂ (ಪ್ರತಿಕಾಯ ತಯಾರಿಸುವ ಕೋಶಗಳು) ಎಡಕ್ಕಿಂತ ಜಾಸ್ತಿ ಇರುತ್ತವೆ. ಅದನ್ನು ಗೊತ್ತಿಲ್ಲದವರು ರೋಗ ಎಂದು ಓದಿಬಿಡುತ್ತಾರೆ. ಡುವೊಡಿನಮ್‌ನಲ್ಲಿ (ಸಣ್ಣ ಕರುಳಿನ ಮೊದಲ ಭಾಗ) ವಿಲ್ಲಸ್, ಅಂದರೆ ಒಳಗೋಡೆಯಿಂದ ಎದ್ದ ಬೆರಳಿನಂಥ ಚಾಚಿನ ಎತ್ತರ, ಕ್ರಿಪ್ಟ್, ಅಂದರೆ ಅದರ ಬುಡದ ಕೊಳವೆಯಂಥ ಗ್ರಂಥಿಯ ಆಳದ ಸುಮಾರು 3 ಪಟ್ಟು ಅಥವಾ ಅದಕ್ಕಿಂತ ಹೆಚ್ಚು ಇರಬೇಕು. ಆದರೆ ಚೂರು ಓರೆಯಾಗಿ ಕೊಯ್ದಿದ್ದರೆ ಒಳ್ಳೆಯ ವಿಲ್ಲಸ್ ಕೂಡ ಮೊಟಕಾಗಿ ಕಾಣುತ್ತದೆ. ಕೊಲೊನೋಸ್ಕೋಪಿಗೆ ಮುಂಚೆ ಕುಡಿಸುವ ಭೇದಿ ಔಷಧಿ ಕೂಡ ಒಳಗೋಡೆಯಲ್ಲಿ ಅಲ್ಪಸ್ವಲ್ಪ ಬದಲಾವಣೆ ತರುತ್ತದೆ.

ಇದಕ್ಕೊಂದು ಸರಳ ಅಭ್ಯಾಸ ಇದೆ. ಕ್ಯಾನ್ಸರ್‌ಗೆಂದು ತೆಗೆದ ಕರುಳಿನ ಅಂಚಿನ ಸ್ಲೈಡ್‌ಗಳನ್ನು ಎಲ್ಲರೂ ಒಂದು ನೋಟ ಹರಿಸಿ ಬದಿಗಿಡುತ್ತಾರೆ. ಗಡ್ಡೆಯಿಂದ ದೂರದ ಆ ತುದಿಗಳೇ ಸಹಜ ಕರುಳಿನ ದೊಡ್ಡ ಭಂಡಾರ. ಅವನ್ನು ಒಂದೊಂದಾಗಿ, ಯಾವ ಭಾಗದ್ದು ಎಂದು ಲೇಬಲ್ ನೋಡದೆ ಗುರುತಿಸಲು ಪ್ರಯತ್ನಿಸಿ. ತುದಿ ಇಲಿಯಮ್ಮಿನದೋ (ಸಣ್ಣ ಕರುಳಿನ ಕೊನೆಯ ಭಾಗ) ಜೆಜುನಮ್ಮಿನದೋ (ಅದರ ನಡುವಿನ ಭಾಗ) ಎಂದು ಲೇಬಲ್ ಇಲ್ಲದೆ ಹೇಳಲು ಬಂತು ಎಂದರೆ ಕಣ್ಣು ಪಳಗುತ್ತಿದೆ ಎಂದರ್ಥ.

ಹಂತ 5: ಬಯಾಪ್ಸಿ ಓದಲು ಒಂದು ಕ್ರಮ ಹಿಡಿಯಿರಿ

ಕ್ರಮ ಯಾವುದಾದರೂ ಇರಲಿ, ಪ್ರತಿಸಲ ಅದನ್ನೇ ಪಾಲಿಸಿ. ನಾನು ಸೂಚಿಸುವುದು ಹೀಗೆ. ಮೊದಲು ಕ್ಲಿನಿಕಲ್ ಟಿಪ್ಪಣಿ ನೋಡದೆ ಅತಿ ಕಡಿಮೆ ಪವರ್‌ನಲ್ಲಿ ಸ್ಲೈಡ್ ಪೂರ್ತಿ ಸುತ್ತಿ ಬನ್ನಿ. ಎಷ್ಟು ಚೂರು ಇವೆ, ಯಾವ ಅಂಗದ್ದು, ಎಲ್ಲ ಚೂರೂ ಒಂದೇ ರೀತಿ ಇವೆಯಾ ನೋಡಿ. ಆಮೇಲೆ ರಚನೆ ನೋಡಿ. ಕ್ರಿಪ್ಟ್‌ಗಳು ನೆಟ್ಟಗೆ, ಒಂದೇ ಅಂತರದಲ್ಲಿ, ತಳದವರೆಗೆ ಇಳಿದಿವೆಯಾ? ಕವಲೊಡೆದು, ಮೊಟಕಾಗಿ, ವಕ್ರವಾಗಿವೆಯಾ? ವಕ್ರವಾಗಿದ್ದರೆ ಕಾಯಿಲೆ ಹಳೆಯದು. ರಚನೆ ನೆಟ್ಟಗಿದ್ದು ನ್ಯೂಟ್ರೋಫಿಲ್‌ಗಳು (ಸೋಂಕಿಗೆ ಮೊದಲು ಓಡಿಬರುವ ಬಿಳಿ ರಕ್ತಕೋಶ) ತುಂಬಿದ್ದರೆ ಹೊಸ ಸೋಂಕು ಇರಬಹುದು. ಈ ಒಂದು ಪ್ರಶ್ನೆಯೇ ದೀರ್ಘಕಾಲದ ಕರುಳುರಿಯೂತವನ್ನೂ ವಾರದಲ್ಲಿ ಹೋಗುವ ಭೇದಿಯನ್ನೂ ಬೇರೆ ಮಾಡುತ್ತದೆ.

ಮೂರನೆಯದಾಗಿ ಮೇಲ್ಮೈ ಕೋಶಗಳು, ಅವುಗಳ ನಡುವಿನ ಲಿಂಫೋಸೈಟ್‌ಗಳು (ಒಂದು ಬಗೆಯ ಬಿಳಿ ರಕ್ತಕೋಶ), ಮೇಲ್ಮೈ ಕೋಶಗಳ ಕೆಳಗಿನ ಕೊಲಾಜನ್ ಎಂಬ ನಾರಿನ ಪಟ್ಟಿ. ದಿನವೂ ನೀರಾಗಿ ಭೇದಿ, ಆದರೆ ಕೊಲೊನೋಸ್ಕೋಪಿಯಲ್ಲಿ ಎಲ್ಲವೂ ಚೆಂದ. ಇಂಥ ರೋಗಿಗೆ ಕೊಲಾಜನಸ್ ಕೊಲೈಟಿಸ್ (ಕೊಲೈಟಿಸ್ ಎಂದರೆ ದೊಡ್ಡ ಕರುಳಿನ ಉರಿಯೂತ) ಇರಬಹುದು, ಅದು ಮೈಕ್ರೋಸ್ಕೋಪ್‌ಗೆ ಮಾತ್ರ ಕಾಣುತ್ತದೆ. ಅದಕ್ಕೆ ಕೊಲಾಜನ್ ಪಟ್ಟಿ 10 ಮೈಕ್ರಾನ್‌ಗಿಂತ ದಪ್ಪ ಇರಬೇಕು. ಅದರ ಜೊತೆಗಾತಿ ಲಿಂಫೋಸೈಟಿಕ್ ಕೊಲೈಟಿಸ್‌ನಲ್ಲಿ ಪ್ರತಿ 100 ಮೇಲ್ಮೈ ಕೋಶಕ್ಕೆ 20ಕ್ಕಿಂತ ಜಾಸ್ತಿ ಲಿಂಫೋಸೈಟ್ ಇರಬೇಕು. ಅನ್ನನಾಳದ ಇಯೊಸಿನೊಫಿಲಿಕ್ ಕಾಯಿಲೆಗೆ ಹೈ ಪವರ್‌ನಲ್ಲಿ ಕಾಣುವ ಒಂದು ಕ್ಷೇತ್ರಕ್ಕೆ 15 ಇಯೊಸಿನೊಫಿಲ್ (ಅಲರ್ಜಿಯಲ್ಲಿ ಹೆಚ್ಚುವ ಬಿಳಿ ರಕ್ತಕೋಶ) ಎಂಬ ಗಡಿ ಇದೆ. ಈ ಸಂಖ್ಯೆಗಳನ್ನು ನೆನಪಿಡಿ, ಆದರೆ ಅವಕ್ಕೆ ಶರಣಾಗಬೇಡಿ. 14 ಬಂದ ತಕ್ಷಣ ಕಾಯಿಲೆ ಇಲ್ಲ ಎಂದಾಗುವುದಿಲ್ಲ, ಅಲ್ವಾ?

ಕೊನೆಯದಾಗಿ ಹುಡುಕಿ ನೋಡಬೇಕಾದವು. ಜಠರದಲ್ಲಿ ಹೆಲಿಕೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ. ಸ್ಟಿರಾಯ್ಡ್‌ಗೆ ಬಗ್ಗದ ಅಲ್ಸರೇಟಿವ್ ಕೊಲೈಟಿಸ್‌ನಲ್ಲಿ (ದೊಡ್ಡ ಕರುಳಿನಲ್ಲಿ ಹುಣ್ಣಾಗುವ ದೀರ್ಘಕಾಲದ ಉರಿಯೂತ) ಸೈಟೊಮೆಗಲೊವೈರಸ್. ಜಠರದ ಲ್ಯಾಮಿನಾ ಪ್ರೊಪ್ರಿಯಾದಲ್ಲಿ (ಮೇಲ್ಮೈ ಕೋಶಗಳ ಕೆಳಗಿನ ಪದರ) ಒಂಟಿ ಒಂಟಿಯಾಗಿ ಅಡಗಿದ ಸಿಗ್ನೆಟ್ ರಿಂಗ್ ಕೋಶ, ಅಂದರೆ ಉಂಗುರದಂತೆ ಕಾಣುವ ಕ್ಯಾನ್ಸರ್ ಕೋಶ. ಕೊನೆಯದ್ದು ಕಡಿಮೆ ಪವರ್‌ನಲ್ಲಿ ಕಣ್ಣಿಗೆ ಬೀಳದೆ ಹೋಗಬಲ್ಲದು. ಕೊಬ್ಬು ತುಂಬಿದ ಮ್ಯಾಕ್ರೊಫೇಜ್‌ಗಳು (ಕಸ ನುಂಗುವ ರಕ್ಷಣಾ ಕೋಶಗಳು) ಅದರಂತೆಯೇ ಕಂಡು ದಾರಿ ತಪ್ಪಿಸುವುದೂ ಉಂಟು.

ಇಷ್ಟಾದ ಮೇಲೆ ಕ್ಲಿನಿಕಲ್ ಟಿಪ್ಪಣಿ ಓದಿ. ಈಗ ನಿಮ್ಮ ಮನಸ್ಸಿನಲ್ಲಿ ಒಂದು ಪಟ್ಟಿ ಇದೆ, ಟಿಪ್ಪಣಿ ಅದನ್ನು ಕಿರಿದು ಮಾಡುತ್ತದೆ. ಔಷಧಿಗಳ ಪಟ್ಟಿಯನ್ನು ತಪ್ಪದೆ ಕೇಳಿ. ರಕ್ತದೊತ್ತಡದ ಮಾತ್ರೆ ಒಲ್ಮೆಸಾರ್ಟಾನ್ ಥೇಟ್ ಸೀಲಿಯಕ್ ಕಾಯಿಲೆಯಂತೆ (ಗೋಧಿಯ ಗ್ಲುಟೆನ್‌ನಿಂದ ಸಣ್ಣ ಕರುಳು ಕೆಡುವ ಕಾಯಿಲೆ) ವಿಲ್ಲಸ್‌ಗಳನ್ನು ಚಪ್ಪಟೆ ಮಾಡಬಲ್ಲದು ಎಂಬುದು 2012ರಲ್ಲಿ ಬೆಳಕಿಗೆ ಬಂತು. ಕ್ಯಾನ್ಸರ್ ವಿರುದ್ಧ ದೇಹದ ರಕ್ಷಣಾ ವ್ಯವಸ್ಥೆಯ ತಡೆ ತೆಗೆಯುವ ಇಮ್ಯೂನ್ ಚೆಕ್‌ಪಾಯಿಂಟ್ ಔಷಧಿಗಳು ಕೊಲೈಟಿಸ್ ತರಬಲ್ಲವು. ಚಿಕಿತ್ಸೆ ಪಡೆದ ಅಲ್ಸರೇಟಿವ್ ಕೊಲೈಟಿಸ್‌ನಲ್ಲಿ ಗುದನಾಳ ವಾಸಿಯಾಗಿ, ಉರಿಯೂತ ಅಲ್ಲಲ್ಲಿ ಮಾತ್ರ ಉಳಿದು, ಕ್ರೋನ್ಸ್ ಕಾಯಿಲೆಯಂತೆ (ಜೀರ್ಣನಾಳದಲ್ಲಿ ಅಲ್ಲಲ್ಲಿ ಬರುವ ಇನ್ನೊಂದು ದೀರ್ಘಕಾಲದ ಉರಿಯೂತ) ಕಾಣಬಹುದು. ಚಿಕಿತ್ಸೆಯ ವಿವರ ಗೊತ್ತಿಲ್ಲದೆ ಅದನ್ನು ಕ್ರೋನ್ಸ್ ಎಂದು ಬರೆದರೆ ರೋಗಿಯ ಮುಂದಿನ ಶಸ್ತ್ರಚಿಕಿತ್ಸೆಯ ಆಯ್ಕೆಗಳೇ ಬದಲಾಗಿಬಿಡುತ್ತವೆ.

ಹಂತ 6: ರಿಪೋರ್ಟ್ ಬರೆಯುವುದನ್ನು ಕೈಕೆಲಸದಂತೆ ಕಲಿಯಿರಿ

ಕಣ್ಣು ಎಷ್ಟೇ ಚುರುಕಾಗಿರಲಿ, ರಿಪೋರ್ಟ್ ಗೊಂದಲವಾಗಿದ್ದರೆ ರೋಗಿಗೆ ಅದರಿಂದ ಪ್ರಯೋಜನವಿಲ್ಲ. ವಿವರಣೆ ಅರ್ಧ ಪುಟ ಬರೆದು ಕೊನೆಗೆ "ಕ್ಲಿನಿಕಲ್ ಆಗಿ ಹೋಲಿಸಿ ನೋಡಿ" ಎಂದು ಬಿಡುವ ರಿಪೋರ್ಟ್‌ಗಳು ನನಗೆ ಬೇಸರ ತರಿಸುತ್ತವೆ. ಬಯಾಪ್ಸಿ ಕಳಿಸಿದ ವೈದ್ಯರು ಒಂದು ಪ್ರಶ್ನೆ ಕೇಳಿದ್ದಾರೆ. ಮೊದಲ ಸಾಲಿನಲ್ಲಿ ಅದಕ್ಕೆ ಉತ್ತರ ಇರಲಿ. ಉತ್ತರ ಖಚಿತವಿಲ್ಲದಿದ್ದರೆ ಯಾವುದು ಹೆಚ್ಚು ಸಾಧ್ಯ, ಏನು ಮಾಡಿದರೆ ಖಚಿತವಾಗುತ್ತದೆ ಎಂದು ಬರೆಯಿರಿ.

ಕೆಲವು ಪದಗಳಿಗೆ ಭಾರ ಜಾಸ್ತಿ. ದೊಡ್ಡ ಕರುಳಿನ ಪಾಲಿಪ್‌ನಲ್ಲಿ (ಒಳಗೋಡೆಯಿಂದ ಎದ್ದ ಗಂಟು) ಕ್ಯಾನ್ಸರ್ ಕೋಶಗಳು ಒಳಪದರದಲ್ಲಷ್ಟೇ ಇದ್ದು ಅದರ ಕೆಳಗಿನ ಪದರವಾದ ಸಬ್‌ಮ್ಯುಕೋಸಾಕ್ಕೆ ಇಳಿದಿಲ್ಲದಿದ್ದರೆ ಅದು ದುಗ್ಧಗ್ರಂಥಿಗೆ ಹರಡುವ ಭಯ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಅಲ್ಲಿ "ಕಾರ್ಸಿನೋಮ" ಎಂಬ ಪದ ಒಂಟಿಯಾಗಿ ಬಿದ್ದರೆ ಪಾಲಿಪ್ ತೆಗೆದು ಮುಗಿದುಹೋಗಬೇಕಾದ ರೋಗಿಗೆ ಕರುಳು ತೆಗೆಸುವ ಮಾತು ಶುರುವಾಗಬಹುದು. ಅದಕ್ಕೇ ಹಲವರು ಅಲ್ಲಿ ಹೈ ಗ್ರೇಡ್ ಡಿಸ್ಪ್ಲೇಸಿಯಾ (ಡಿಸ್ಪ್ಲೇಸಿಯಾ ಎಂದರೆ ಕ್ಯಾನ್ಸರ್‌ಗೆ ಮುಂಚಿನ ಕೋಶ ಬದಲಾವಣೆ) ಎಂಬ ಪದವನ್ನೇ ಬಳಸುತ್ತಾರೆ. ಜಠರ ಮತ್ತು ಅನ್ನನಾಳದಲ್ಲಿ ಲೆಕ್ಕ ಬೇರೆ. ಅಲ್ಲಿ ಒಳಪದರದ ಕ್ಯಾನ್ಸರ್‌ಗೂ ಹರಡುವ ಸಾಧ್ಯತೆ ಸ್ವಲ್ಪ ಇದೆ.

ಬ್ಯಾರೆಟ್ಸ್ ಅನ್ನನಾಳದಲ್ಲಿ (ಆಮ್ಲ ತಾಗಿ ತಾಗಿ ಒಳಪದರ ಬದಲಾದ ಅನ್ನನಾಳ) ಡಿಸ್ಪ್ಲೇಸಿಯಾ ಇದೆ ಎಂದು ಬರೆಯುವ ಮುಂಚೆ ಜೀರ್ಣಾಂಗ ಪೆಥಾಲಜಿ ಬಲ್ಲ ಇನ್ನೊಬ್ಬರಿಗೆ ತೋರಿಸಬೇಕು ಎಂದು ಮಾರ್ಗಸೂಚಿಗಳೇ ಹೇಳುತ್ತವೆ. ಉರಿಯೂತದಿಂದ ಕೆರಳಿದ ಕೋಶ ಮತ್ತು ನಿಜವಾದ ಡಿಸ್ಪ್ಲೇಸಿಯಾ ಕೆಲವೊಮ್ಮೆ ಬೇರ್ಪಡಿಸಲು ಆಗುವುದಿಲ್ಲ. "ಡಿಸ್ಪ್ಲೇಸಿಯಾ ಎಂದು ನಿರ್ಧರಿಸಲಾಗದು" ಎಂಬ ವರ್ಗ ಇರುವುದೇ ಅದಕ್ಕೆ. ಅದನ್ನು ಬಳಸಲು ಹಿಂಜರಿಯಬೇಡಿ, ಆದರೆ ತಪ್ಪಿಸಿಕೊಳ್ಳುವ ದಾರಿಯಾಗಿ ಮಾಡಿಕೊಳ್ಳಲೂ ಬೇಡಿ.

ಹಂತ 7: ಫೆಲೋಶಿಪ್ ಆರಿಸುವಾಗ ಏನು ಕೇಳಬೇಕು

ಹೆಸರು ನೋಡಿ ಆರಿಸುವುದು ಸುಲಭ. ಕೇಳಬೇಕಾದ ಪ್ರಶ್ನೆಗಳು ಬೇರೆ. ಹೊರಗಿನ ಆಸ್ಪತ್ರೆಗಳಿಂದ ಎರಡನೇ ಅಭಿಪ್ರಾಯಕ್ಕೆ ಕೇಸ್ ಬರುತ್ತವೆಯಾ? ಫೆಲೋ ಮೊದಲು ತನ್ನ ತೀರ್ಮಾನ ಬರೆದು ಆಮೇಲೆ ಗುರುಗಳ ಜೊತೆ ಕೂರುತ್ತಾರಾ, ಅಥವಾ ಪಕ್ಕದಲ್ಲಿ ಕೂತು ನೋಡುತ್ತಾರಷ್ಟೇನಾ? ಲಿವರ್ ಸೇರಿದೆಯಾ? ಅಂಗ ಕಸಿ ಮಾಡುವ ಕೇಂದ್ರವಾ? ಹಿಂದಿನ ಫೆಲೋಗಳು ಈಗ ಎಲ್ಲಿದ್ದಾರೆ? ಎರಡನೇ ಪ್ರಶ್ನೆಗೆ ಸಿಗುವ ಉತ್ತರವನ್ನು ನಾನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ. ತನ್ನ ತೀರ್ಮಾನವನ್ನು ಮೊದಲೇ ಬರೆದು ಅದಕ್ಕೆ ಬದ್ಧರಾಗದಿದ್ದರೆ ಕಲಿಕೆ ಗಟ್ಟಿಯಾಗುವುದಿಲ್ಲ.

ಹಂತ 8: ಕೇಸಿನ ಬೆನ್ನು ಹತ್ತಿ

ಇದೇ ಈ ಬರಹದ ಹೃದಯ. ರಿಪೋರ್ಟ್‌ಗೆ ಸಹಿ ಹಾಕಿದ ಮೇಲೆ ಕೇಸ್ ನಿಮ್ಮ ಮೇಜಿನಿಂದ ಹೋಗುತ್ತದೆ. ನಿಮ್ಮ ತೀರ್ಮಾನ ಸರಿಯಾಗಿತ್ತಾ ಎಂದು ಯಾರೂ ತಾವಾಗಿ ಬಂದು ಹೇಳುವುದಿಲ್ಲ. ಹಾಗಾಗಿ ಅನುಮಾನ ಉಳಿದ ಪ್ರತಿ ಕೇಸನ್ನೂ ಒಂದು ಪಟ್ಟಿಯಲ್ಲಿ ಹಾಕಿ. ರೋಗಿಯ ಹೆಸರು ಬೇಡ, ಲ್ಯಾಬ್ ಸಂಖ್ಯೆ ಸಾಕು, ಪಟ್ಟಿ ಆಸ್ಪತ್ರೆಯ ಸುರಕ್ಷಿತ ವ್ಯವಸ್ಥೆಯೊಳಗೇ ಇರಲಿ. ನೀವು ಏನು ಬರೆದಿರಿ, ಮನಸ್ಸಿನಲ್ಲಿ ಬೇರೆ ಏನಿತ್ತು, ಯಾವಾಗ ಮತ್ತೆ ನೋಡಬೇಕು ಎಂದು ಗುರುತಿಡಿ. ಮೂರು ತಿಂಗಳು, ಆರು ತಿಂಗಳು ಬಿಟ್ಟು ಮುಂದಿನ ಎಂಡೋಸ್ಕೋಪಿ, ಶಸ್ತ್ರಚಿಕಿತ್ಸೆ, ಕಲ್ಚರ್ ಫಲಿತಾಂಶ ಹುಡುಕಿ ನೋಡಿ.

ಗ್ರಾನ್ಯುಲೋಮಾ (ರಕ್ಷಣಾ ಕೋಶಗಳು ಕೂಡಿದ ಸಣ್ಣ ಗಂಟು) ಇರುವ ಇಲಿಯಮ್ ಬಯಾಪ್ಸಿ ಇದಕ್ಕೆ ತಕ್ಕ ಉದಾಹರಣೆ. ಕ್ಷಯವೋ ಕ್ರೋನ್ಸೋ? ದೊಡ್ಡದಾಗಿ, ಒಂದಕ್ಕೊಂದು ಕೂಡಿಕೊಂಡು, ನಡುವೆ ಕೊಳೆತಿದ್ದರೆ ಕ್ಷಯದ ಕಡೆ ತೂಗುತ್ತದೆ. ಚಿಕ್ಕದಾಗಿ, ಚದುರಿ, ಬಿಡಿಯಾಗಿದ್ದರೆ ಕ್ರೋನ್ಸ್ ಕಡೆ. ನಡುವೆ ನಿಲ್ಲುವ ಕೇಸ್‌ಗಳೂ ಇರುತ್ತವೆ. ಕ್ಷಯದ ಔಷಧಿ ಕೊಟ್ಟ ಮೇಲೆ ಹುಣ್ಣು ಮಾಯವಾಯಿತಾ ಎಂದು ಆರು ತಿಂಗಳ ನಂತರ ನೋಡಿದ ಪೆಥಾಲಜಿಸ್ಟ್‌ಗೆ ಆ ಸ್ಲೈಡ್ ಜೀವನಪೂರ್ತಿ ನೆನಪಿರುತ್ತದೆ. ಇಂಥ ಕೇಸ್‌ಗಳನ್ನು ಸೇರಿಸುತ್ತಾ ಹೋದರೆ ಕೆಲವು ವರ್ಷದಲ್ಲಿ ಒಂದು ಅಧ್ಯಯನಕ್ಕೆ ಬೇಕಾದ ಸಾಮಗ್ರಿ ನಿಮ್ಮ ಕೈಯಲ್ಲೇ ಇರುತ್ತದೆ, ಪಾಠದ ಸ್ಲೈಡ್‌ಗಳೂ ತಯಾರಿರುತ್ತವೆ.

ಟ್ಯೂಮರ್ ಬೋರ್ಡ್ ಸಭೆಗೆ, ಅಂದರೆ ಕ್ಯಾನ್ಸರ್ ಕೇಸ್‌ಗಳ ಚಿಕಿತ್ಸೆಯನ್ನು ಎಲ್ಲ ವಿಭಾಗದವರು ಕೂತು ಚರ್ಚಿಸುವ ಸಭೆಗೆ, ತಪ್ಪದೆ ಹೋಗಿ. ಅಲ್ಲಿ ಸರ್ಜನ್, ರೇಡಿಯಾಲಜಿಸ್ಟ್, ಆಂಕಾಲಜಿಸ್ಟ್ ಎಲ್ಲರೂ ನಿಮ್ಮ ಒಂದು ಪದಕ್ಕೆ ಏನು ಅರ್ಥ ಹಚ್ಚುತ್ತಾರೆ ಎಂದು ಎದುರಿಗೇ ಗೊತ್ತಾಗುತ್ತದೆ. ಸಭೆಗೆ ಮುಂಚೆ ಸ್ಲೈಡ್‌ಗಳನ್ನು ಮತ್ತೆ ನೋಡಿಕೊಂಡೇ ಹೋಗಿ.

ಹಂತ 9: ಸಂಶೋಧನೆ ಶುರುಮಾಡಿ

ಆಸ್ಟ್ರೇಲಿಯಾದ ರಾಯಲ್ ಪರ್ತ್ ಆಸ್ಪತ್ರೆಯಲ್ಲಿ ರಾಬಿನ್ ವಾರನ್ ಎಂಬ ಪೆಥಾಲಜಿಸ್ಟ್ ಇದ್ದರು. ಅವರದು ದಿನದ ಬಯಾಪ್ಸಿ ಕೆಲಸ. 1979ರಲ್ಲಿ ಉರಿಯೂತ ಇದ್ದ ಜಠರದ ಚೂರಿನ ಮೇಲ್ಮೈಯಲ್ಲಿ ಅವರಿಗೆ ವಕ್ರ ಬ್ಯಾಕ್ಟೀರಿಯಾಗಳು ಕಂಡವು, ಇಂದು ಹೆಲಿಕೊಬ್ಯಾಕ್ಟರ್ ಎನ್ನುವುದು ಅವನ್ನೇ. ಜಠರದ ಆಮ್ಲದಲ್ಲಿ ಬ್ಯಾಕ್ಟೀರಿಯಾ ಬದುಕುವುದಿಲ್ಲ ಎಂಬುದು ಆಗಿನ ಗಟ್ಟಿ ನಂಬಿಕೆ. ವಾರನ್ ಬೆಳ್ಳಿಯ ಸ್ಟೇನ್ (ಬಣ್ಣ) ಹಾಕಿಸಿ ಅವನ್ನು ಸ್ಪಷ್ಟವಾಗಿ ನೋಡಿದರು, ಕೇಸ್‌ಗಳನ್ನು ಕೂಡಿಸುತ್ತಾ ಹೋದರು. ಉರಿಯೂತ ಇದ್ದಲ್ಲಿ ಬ್ಯಾಕ್ಟೀರಿಯಾ ಇರುವುದನ್ನು ಮತ್ತೆ ಮತ್ತೆ ಕಂಡರು. 1981ರಲ್ಲಿ ಬ್ಯಾರಿ ಮಾರ್ಷಲ್ ಎಂಬ ಯುವ ವೈದ್ಯರು ಜೊತೆಯಾದರು. 1982ರಲ್ಲಿ ಬ್ಯಾಕ್ಟೀರಿಯಾವನ್ನು ಬೆಳೆಸಲು ಸಾಧ್ಯವಾಯಿತು. ಮಾರ್ಷಲ್ ಅದನ್ನು ಸ್ವತಃ ಕುಡಿದು ಜಠರದ ಉರಿಯೂತ ಬರಿಸಿಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಎಲ್ಲರೂ ಮಾರ್ಷಲ್ ಕುಡಿದ ಕಥೆ ಹೇಳುತ್ತಾರೆ. ನನಗೆ ವಾರನ್ ಕೇಸ್ ಕೂಡಿಸಿದ ಆ ವರ್ಷಗಳೇ ದೊಡ್ಡವು.

ನಿಮ್ಮ ಮೊದಲ ಅಧ್ಯಯನ ಸಣ್ಣದಿರಲಿ. ಸಾಧಾರಣವಾಗಿ ಒಂದು ಪ್ರಶ್ನೆ ಸಾಕು: ಈ ಲಕ್ಷಣ ಕಂಡವರಿಗೆ ಮುಂದೆ ಏನಾಯಿತು? ಎಥಿಕ್ಸ್ ಸಮಿತಿಯ ಒಪ್ಪಿಗೆ ಮೊದಲು, ಸ್ಲೈಡ್ ತೆಗೆಯುವುದು ಆಮೇಲೆ. ಲಕ್ಷಣದ ವ್ಯಾಖ್ಯೆಯನ್ನು ಬರೆದಿಟ್ಟುಕೊಳ್ಳಿ. ಇಬ್ಬರು, ಸಾಧ್ಯವಾದರೆ ಮೂವರು, ಫಲಿತಾಂಶ ಗೊತ್ತಿಲ್ಲದೆ ಸ್ಲೈಡ್ ನೋಡಲಿ. ಅವರ ನಡುವಿನ ಹೊಂದಾಣಿಕೆಯನ್ನು ಕಪ್ಪಾ ಎಂಬ ಅಂಕಿಯಲ್ಲಿ (ಆಕಸ್ಮಿಕ ಹೊಂದಾಣಿಕೆ ಕಳೆದು ಉಳಿದದ್ದರ ಅಳತೆ) ಲೆಕ್ಕ ಹಾಕಿ. ಹೊಂದಾಣಿಕೆಯೇ ಇಲ್ಲದ ಲಕ್ಷಣ ಎಷ್ಟು ಚೆಂದ ಕಂಡರೂ ದಿನದ ಕೆಲಸಕ್ಕೆ ಬರುವುದಿಲ್ಲ. ಶುರುವಿನಲ್ಲೇ ಒಬ್ಬ ಅಂಕಿಅಂಶ ತಜ್ಞರ ಜೊತೆ ಕೂತು ಮಾತಾಡಿ. ಡೇಟಾ ಎಲ್ಲ ಸೇರಿಸಿದ ಮೇಲೆ ಅವರ ಬಳಿ ಹೋದರೆ ಅವರಿಂದ ಮಾಡಲಾಗುವುದು ಕಡಿಮೆ.

ಮಾಲಿಕ್ಯುಲರ್ ವಿಷಯ, ಅಂದರೆ ಜೀನ್ ಮತ್ತು ಪ್ರೋಟೀನ್ ಮಟ್ಟದ ಪರೀಕ್ಷೆ, ತಿಳಿಯದೆ ಇಂದು ಈ ಕ್ಷೇತ್ರದಲ್ಲಿ ನಿಲ್ಲಲು ಆಗುವುದಿಲ್ಲ. ದೊಡ್ಡ ಕರುಳಿನ ಕ್ಯಾನ್ಸರ್‌ನಲ್ಲಿ ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2, ಎಂಎಸ್‌ಎಚ್6 ಎಂಬ ಡಿಎನ್‌ಎ ದುರಸ್ತಿ ಮಾಡುವ ನಾಲ್ಕು ಪ್ರೋಟೀನ್‌ಗಳಿಗೆ ಇಮ್ಯುನೊ ಸ್ಟೇನ್ (ಆ ಪ್ರೋಟೀನ್ ಇದ್ದಲ್ಲಿ ಮಾತ್ರ ಹಿಡಿಯುವ ಬಣ್ಣ) ಹಾಕುತ್ತೇವೆ. ಸುಮಾರು 15 ಶೇಕಡಾ ಕ್ಯಾನ್ಸರ್‌ಗಳಲ್ಲಿ ಈ ಡಿಎನ್‌ಎ ದುರಸ್ತಿ ವ್ಯವಸ್ಥೆ ಕೆಟ್ಟಿರುತ್ತದೆ. ಕೆಲವರಲ್ಲಿ ಅದು ಲಿಂಚ್ ಸಿಂಡ್ರೋಮ್ ಎಂಬ ಅನುವಂಶಿಕ ಕಾಯಿಲೆ. ಆಗ ನಿಮ್ಮ ಸ್ಟೇನ್ ರೋಗಿಯ ಅಕ್ಕ ತಮ್ಮ ಮಕ್ಕಳಿಗೂ ಎಚ್ಚರಿಕೆ ಕೊಟ್ಟ ಹಾಗೆ. ಅದೇ ಫಲಿತಾಂಶ ಇಮ್ಯುನೊಥೆರಪಿ (ದೇಹದ ರಕ್ಷಣಾ ವ್ಯವಸ್ಥೆಯನ್ನು ಕ್ಯಾನ್ಸರ್ ಮೇಲೆ ಛೂ ಬಿಡುವ ಚಿಕಿತ್ಸೆ) ಕೆಲಸ ಮಾಡುವ ಸಾಧ್ಯತೆ ಎಷ್ಟು ಎಂದೂ ಹೇಳುತ್ತದೆ. 2017ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಗಡ್ಡೆ ಯಾವ ಅಂಗದಲ್ಲಿದೆ ಎಂದು ನೋಡದೆ, ಮುಂದುವರಿದ ಕ್ಯಾನ್ಸರ್‌ನಲ್ಲಿ ಈ ದೋಷ ಇದ್ದರೆ ಇಮ್ಯುನೊಥೆರಪಿ ಔಷಧಿ ಪೆಂಬ್ರೊಲಿಜುಮ್ಯಾಬ್ ಕೊಡಬಹುದು ಎಂದು ಒಪ್ಪಿತು. ಸಾಮಾನ್ಯ ಸ್ಟೇನ್ ಒಂದರ ಮೇಲೆ ಎಷ್ಟು ಭಾರ ಬಿದ್ದಿದೆ ನೋಡಿ. ಒಳಗಿನ ಕಂಟ್ರೋಲ್ ಕೋಶಗಳು, ಅಂದರೆ ಬಣ್ಣ ಹಿಡಿಯಲೇಬೇಕಾದ ಪಕ್ಕದ ಸಹಜ ಕೋಶಗಳು, ಬಣ್ಣ ಹಿಡಿದಿಲ್ಲದ ಸ್ಲೈಡ್ ಮೇಲೆ ತೀರ್ಮಾನ ಬರೆಯಲೇಬೇಡಿ.

ಅದೇ ವರ್ಷ ಡಿಜಿಟಲ್ ಸ್ಲೈಡ್ ಮೇಲೆ ನೇರವಾಗಿ ರೋಗನಿರ್ಣಯ ಮಾಡುವ ಸ್ಕ್ಯಾನರ್ ವ್ಯವಸ್ಥೆಯೊಂದಕ್ಕೂ ಅಲ್ಲಿ ಮೊದಲ ಸಲ ಅನುಮತಿ ಸಿಕ್ಕಿತು. ಕಂಪ್ಯೂಟರ್ ಎಣಿಸುವ ಕೆಲಸ ಕಲಿಯುತ್ತಿದೆ. ಅದಕ್ಕೆ ಕಲಿಸುವ ಸ್ಲೈಡ್‌ಗಳಿಗೆ ಸರಿಯಾದ ಉತ್ತರ ಬರೆಯುವವರು ನಾವೇ. ಹಾಗಾಗಿ ಈ ಕಡೆ ಆಸಕ್ತಿ ಇರುವ ಯುವಕರು ಇಂಜಿನಿಯರ್‌ಗಳ ಜೊತೆ ಈಗಲೇ ಕೂರಲಿ.

ಹಂತ 10: ಕಲಿಸುವುದು

ಕಲಿಸುವುದಕ್ಕೆ ಉಪನ್ಯಾಸವೇ ಆಗಬೇಕಿಲ್ಲ. ರೆಸಿಡೆಂಟ್ ಪಕ್ಕದಲ್ಲಿ ಕೂತಾಗ ಉತ್ತರ ಹೇಳದೆ ಸ್ಲೈಡ್ ಸರಿಸುವ ಚಕ್ರ ಅವರ ಕೈಗೆ ಕೊಡಿ. "ಏನು ಕಾಣುತ್ತಿದೆ?" ಎಂದು ಕೇಳಿ, "ಏನು ಕಾಯಿಲೆ?" ಎಂದಲ್ಲ. ಕಂಡದ್ದನ್ನು ಬಾಯಿಬಿಟ್ಟು ವಿವರಿಸಲು ಬಂದರೆ ಕಾಯಿಲೆಯ ಹೆಸರು ಹಿಂದೆಯೇ ಬರುತ್ತದೆ. ತಪ್ಪು ಹೇಳಿದವರನ್ನು ಎಲ್ಲರ ಮುಂದೆ ಹೀಯಾಳಿಸುವ ಪದ್ಧತಿ ಹಲವು ಕಡೆ ಇನ್ನೂ ಇದೆ. ಅದು ನಿಲ್ಲಬೇಕು. ಹೆದರಿದ ರೆಸಿಡೆಂಟ್ ನಾಳೆ ಅನುಮಾನ ಬಂದಾಗ ಕೇಳಲು ಬರುವುದಿಲ್ಲ, ಅದರ ಬೆಲೆ ತೆರುವುದು ರೋಗಿ.

ಹಂತ 11: ಕೆಲಸಕ್ಕೆ ಸೇರುವಾಗ, ಬಡ್ತಿ ಕೇಳುವಾಗ

ಅಸಿಸ್ಟೆಂಟ್ ಪ್ರೊಫೆಸರ್ ಆಗಿ ಸೇರುವ ಮುಂಚೆ ವಾರದಲ್ಲಿ ಎಷ್ಟು ದಿನ ಸೈನ್-ಔಟ್ (ಕೇಸ್ ನೋಡಿ ರಿಪೋರ್ಟ್‌ಗೆ ಸಹಿ ಹಾಕುವ ಕೆಲಸ), ಎಷ್ಟು ದಿನ ಸಂಶೋಧನೆಗೆ ಬಿಡುವು ಎಂದು ಲಿಖಿತವಾಗಿ ಪಡೆಯಿರಿ. ಬಾಯಿಮಾತಿನ ಬಿಡುವು ಕೇಸ್‌ಗಳ ಸಂಖ್ಯೆ ಏರಿದ ದಿನವೇ ಹೋಗುತ್ತದೆ. ಬಡ್ತಿಗೆ ಏನೇನು ಲೆಕ್ಕಕ್ಕೆ ಬರುತ್ತದೆ ಎಂದು ಮೊದಲ ವರ್ಷವೇ ಓದಿಕೊಳ್ಳಿ. ಕಲಿಸಿದ್ದಕ್ಕೆ, ಸಮಿತಿಯಲ್ಲಿ ದುಡಿದದ್ದಕ್ಕೆ ದಾಖಲೆ ಆಗಿಂದಾಗ ಸೇರಿಸಿಡಿ, ಬಡ್ತಿ ಅರ್ಜಿ ಹಾಕುವ ವಾರ ಅದು ಯಾವುದೂ ನೆನಪಿಗೆ ಬರುವುದಿಲ್ಲ.

ಇಡೀ ಜೀರ್ಣಾಂಗದ ಒಳಗೂ ಒಂದು ಸಣ್ಣ ಕ್ಷೇತ್ರ ಆರಿಸಿಕೊಳ್ಳಿ. ಕರುಳುರಿಯೂತದಲ್ಲಿ ಡಿಸ್ಪ್ಲೇಸಿಯಾ, ಔಷಧಿಗಳಿಂದಾದ ಹಾನಿ, ಗುದದ್ವಾರದ ಗಡ್ಡೆ, ಯಾವುದಾದರೂ ಸರಿ. ಉಳಿದದ್ದನ್ನೆಲ್ಲ ಚೆನ್ನಾಗಿ ನೋಡಿ, ಇದೊಂದನ್ನು ಬೇರೆ ಯಾರಿಗಿಂತಲೂ ಆಳವಾಗಿ ನೋಡಿ. ಸಮ್ಮೇಳನಗಳಿಗೆ ಪೋಸ್ಟರ್ ಹಿಡಿದುಕೊಂಡು ಹೋಗಿ. ಅಮೆರಿಕ ಮತ್ತು ಕೆನಡಾದ ಪೆಥಾಲಜಿಸ್ಟ್‌ಗಳ ವಾರ್ಷಿಕ ಸಮ್ಮೇಳನದಂಥ ಕಡೆ ಜೀರ್ಣಾಂಗದ ಕೆಲಸಕ್ಕೆ ಪ್ರತ್ಯೇಕ ಗೋಷ್ಠಿಗಳೇ ಇರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಜೀರ್ಣಾಂಗ ಗಡ್ಡೆಗಳ ವರ್ಗೀಕರಣ, ಅದರ 2019ರ ಐದನೇ ಆವೃತ್ತಿ, ಮೇಜಿನ ಮೇಲೆ ಸದಾ ಇರಲಿ.

ಹಂತ 12: ದೇಹ ಮತ್ತು ಕೇಸ್‌ಗಳ ಭಾರ

ಕತ್ತು, ಭುಜ, ಕಣ್ಣು ಈ ಕೆಲಸದಲ್ಲಿ ಬೇಗ ದಣಿಯುತ್ತವೆ. ಐಪೀಸ್ ನಿಮ್ಮ ಕಣ್ಣಿನ ಎತ್ತರಕ್ಕೆ ಬರುವಂತೆ ಮೈಕ್ರೋಸ್ಕೋಪ್ ಏರಿಸಿಕೊಳ್ಳಿ, ಬೆನ್ನು ಬಗ್ಗಿಸಬೇಡಿ. ಕಷ್ಟದ ಕೇಸ್‌ಗಳನ್ನು ಬೆಳಗ್ಗೆ ನೋಡಿ. ಸಂಜೆ ತೀರ್ಮಾನಕ್ಕೆ ಬರದ ಸ್ಲೈಡನ್ನು ಮರುದಿನ ಮತ್ತೆ ನೋಡುವುದರಲ್ಲಿ ತಪ್ಪಿಲ್ಲ. ಒಂದು ದಿನ ತಡವಾದರೆ ತೊಂದರೆ ಇದೆಯಾ ಎಂದು ವೈದ್ಯರಿಗೆ ಫೋನ್ ಮಾಡಿ ಕೇಳಿಕೊಳ್ಳಿ.

ಹಂತ 13: ನಿಮಗೇ ಕೇಸ್ ಬರಲು ಶುರುವಾದಾಗ

ವರ್ಷಗಳು ಕಳೆದಂತೆ ಬೇರೆ ಆಸ್ಪತ್ರೆಗಳ ಪೆಥಾಲಜಿಸ್ಟ್‌ಗಳು ನಿಮ್ಮ ಅಭಿಪ್ರಾಯ ಕೇಳಿ ಸ್ಲೈಡ್ ಕಳಿಸುತ್ತಾರೆ. ಅವರು ನೋಡಿದ್ದನ್ನು ಮೊದಲು ಓದಿ. ಸ್ಲೈಡ್ ಸಾಲದಿದ್ದರೆ ಬ್ಲಾಕ್ ಕೇಳಿ, ಆದರೆ ಉಳಿದ ಅಂಗಾಂಶವನ್ನೆಲ್ಲ ನಿಮ್ಮ ಸ್ಟೇನ್‌ಗಳಿಗೇ ಖರ್ಚು ಮಾಡಬೇಡಿ, ರೋಗಿಗೆ ಮುಂದೆ ಜೀನ್ ಪರೀಕ್ಷೆ ಬೇಕಾಗಬಹುದು. ನಿಮ್ಮ ತೀರ್ಮಾನ ಅವರದಕ್ಕಿಂತ ಬೇರೆಯಾದರೆ ರಿಪೋರ್ಟ್ ಹೋಗುವ ಮುಂಚೆ ಅವರಿಗೇ ಫೋನ್ ಮಾಡಿ. ಯಾವ ಲಕ್ಷಣ ನೋಡಿ ಹಾಗೆ ಹೇಳುತ್ತಿದ್ದೀರಿ ಎಂದು ವಿವರಿಸಿ, ಚಿಕಿತ್ಸೆ ಶುರುವಾಗಿದ್ದರೆ ವೈದ್ಯರಿಗೆ ಯಾರು ತಿಳಿಸಬೇಕು ಎಂದು ಅಲ್ಲೇ ಮಾತಾಡಿಕೊಳ್ಳಿ. ಬ್ಲಾಕ್‌ಗಳನ್ನು ಕೆಲಸ ಮುಗಿದ ಕೂಡಲೇ ವಾಪಸ್ ಕಳಿಸಿ, ಮತ್ತು ಆ ರೋಗಿಗೆ ಮುಂದೆ ಏನಾಯಿತು ಎಂದು ತಿಳಿಸಲು ಅವರನ್ನು ಕೇಳಿಕೊಳ್ಳಿ. ಆ ಕೇಸನ್ನೂ ನಿಮ್ಮ ಪಟ್ಟಿಗೆ ಹಾಕಿ.